ಗೇಟ್‌ವೇಯ ಈಥರ್ನೆಟ್ ಪೋರ್ಟ್ ಮತ್ತು ಪ್ರವೇಶ ದೃಢೀಕರಣ: ಪದೇ ಪದೇ ಕೇಳುವ ಪ್ರಶ್ನೆಗಳು

ಒಳಜಾಲವನ್ನು ಹೊರಗಿನ ಇಂಟರ್ನೆಟ್‌ಗೆ ಜೋಡಿಸುವ ಪೆಟ್ಟಿಗೆಯಾದ ಗೇಟ್‌ವೇ ಹೊಸದಾಗಿ ಹಾಕುವವರು, ಹಳೆಯದರ ಸೆಟ್ಟಿಂಗ್ ತಿದ್ದಲು ಹೊರಟವರು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಇಟ್ಟಿದ್ದೇನೆ. ಕಂಪನಿಯಿಂದ ಕಂಪನಿಗೆ ಮೆನುವಿನ ಹೆಸರು ಬದಲಾಗುತ್ತದೆ, ಒಳಗಿನ ಕೆಲಸ ಒಂದೇ. ಓದುವ ಮೊದಲು ಒಂದು ಸಂಗತಿ ಮನಸ್ಸಿನಲ್ಲಿರಲಿ. ಕೇಬಲ್ ಮತ್ತು ಪೋರ್ಟ್, ಅದರ ಮೇಲೆ ವಿಲ್ಯಾನ್ (ಒಂದೇ ಜಾಲವನ್ನು ಬೇರೆ ಬೇರೆ ಜಾಲಗಳಂತೆ ವಿಂಗಡಿಸುವ ವ್ಯವಸ್ಥೆ), ಅದರ ಮೇಲೆ ದೃಢೀಕರಣ, ಎಲ್ಲದರ ಮೇಲೆ ಐಪಿ ವಿಳಾಸ: ಇವು ಒಂದರ ಮೇಲೊಂದು ಕಟ್ಟಿದ ಮಹಡಿಗಳು. ‘ಪಾಸ್‌ವರ್ಡ್ ತಗೊಳ್ತಿಲ್ಲ’ ಎಂದು ನನ್ನ ಬಳಿ ಬಂದ ಎಷ್ಟೋ ದೂರುಗಳ ಮೂಲ ಕೊನೆಗೆ ಕೇಬಲ್‌ನಲ್ಲೋ ವಿಲ್ಯಾನ್‌ನಲ್ಲೋ ಸಿಕ್ಕಿದೆ. ಕೆಳಗಿನ ಮಹಡಿ ಗಟ್ಟಿಯಿದೆ ಎಂದು ಖಾತ್ರಿಯಾಗುವವರೆಗೆ ಮೇಲಿನದಕ್ಕೆ ಕೈಹಾಕಬೇಡಿ.

ವ್ಯಾನ್ ಪೋರ್ಟ್, ಲ್ಯಾನ್ ಪೋರ್ಟ್ ಅಂದರೇನು? ಕೇಬಲ್ ಯಾವುದಕ್ಕೆ ಹಾಕಿದರೂ ನಡೆಯುತ್ತದೆಯೇ?

ನಡೆಯುವುದಿಲ್ಲ. ಹೊರಗಿನ ಸಂಪರ್ಕ, ಅಂದರೆ ಸೇವಾದಾರರ ಮೋಡೆಮ್ ಅಥವಾ ಫೈಬರ್ ಪೆಟ್ಟಿಗೆಯಿಂದ ಬರುವ ಕೇಬಲ್, ವ್ಯಾನ್ ಪೋರ್ಟ್‌ಗೆ ಹೋಗಬೇಕು. ಕಂಪ್ಯೂಟರು, ಪ್ರಿಂಟರು, ಸ್ವಿಚ್ಚುಗಳೆಲ್ಲ ಲ್ಯಾನ್ ಕಡೆಗೆ. ಎರಡರ ನಡುವೆ ಫೈರ್‌ವಾಲ್ ಮತ್ತು ವಿಳಾಸ ಬದಲಿಸುವ ನ್ಯಾಟ್ ಕೂತಿರುತ್ತವೆ. ಹೊರಗಿನ ಕೇಬಲನ್ನು ತಪ್ಪಿ ಲ್ಯಾನ್‌ಗೆ ಹಾಕಿದರೆ ನಿಮ್ಮ ಗೇಟ್‌ವೇಯ ಡಿಎಚ್‌ಸಿಪಿ, ಅಂದರೆ ಸಾಧನಗಳಿಗೆ ತಾನಾಗಿ ಐಪಿ ವಿಳಾಸ ಕೊಡುವ ಸೇವೆ, ಹೊರಗಿನ ಜಾಲದವರಿಗೂ ವಿಳಾಸ ಹಂಚಲು ಹೊರಡಬಹುದು. ಸೇವಾದಾರರು ಇದನ್ನು ಕಂಡು ಸಂಪರ್ಕವನ್ನೇ ನಿಲ್ಲಿಸುವುದುಂಟು.

ಸೆಟ್ಟಿಂಗ್ ಪುಟಕ್ಕೆ ಮೊದಲ ಸಲ ಹೋಗುವುದು ಹೇಗೆ?

ಒಂದು ಕಂಪ್ಯೂಟರನ್ನು ನೇರವಾಗಿ ಲ್ಯಾನ್ ಪೋರ್ಟ್‌ಗೆ ಜೋಡಿಸಿ, ವೈಫೈ ಆಫ್ ಮಾಡಿ. ಕಂಪ್ಯೂಟರಿಗೆ ಸಿಕ್ಕ ಐಪಿ ವಿವರದಲ್ಲಿ ‘ಡೀಫಾಲ್ಟ್ ಗೇಟ್‌ವೇ’ ಎಂಬ ಸಾಲಿನ ವಿಳಾಸವನ್ನು ಬ್ರೌಸರ್‌ನಲ್ಲಿ ಬರೆಯಿರಿ. 169.254ರಿಂದ ಶುರುವಾಗುವ ವಿಳಾಸ ಬಂದಿದ್ದರೆ ಡಿಎಚ್‌ಸಿಪಿ ಉತ್ತರ ಕೊಟ್ಟಿಲ್ಲ, ಕಂಪ್ಯೂಟರು ತಾನೇ ಒಂದು ವಿಳಾಸ ಹಾಕಿಕೊಂಡಿದೆ ಎಂದರ್ಥ. ಆಗ ಪೆಟ್ಟಿಗೆಯ ಅಡಿಯಲ್ಲಿ ಅಂಟಿಸಿದ ಚೀಟಿ ನೋಡಿ, ಅದರಲ್ಲಿರುವ ಗೇಟ್‌ವೇ ವಿಳಾಸದ ಸಾಲಿನದೇ ಬೇರೊಂದು ವಿಳಾಸವನ್ನು ಕಂಪ್ಯೂಟರಿಗೆ ಕೈಯಾರೆ ಕೊಡಿ.

ಒಳಗೆ ಹೋದ ಮೇಲೆ ಮೊದಲು ಏನು ಬದಲಿಸಬೇಕು?

ಆಡಳಿತದ ಪಾಸ್‌ವರ್ಡ್. ಹೊರಗಿನ ಕೇಬಲ್ ಸಿಕ್ಕಿಸುವುದಕ್ಕೂ ಮುಂಚೆ. 2016ರಲ್ಲಿ ಹರಡಿದ ಮಿರಾಯ್ ಎಂಬ ದುಷ್ಟ ತಂತ್ರಾಂಶ ದೊಡ್ಡ ಕೌಶಲ ತೋರಿಸಬೇಕಾಗಲಿಲ್ಲ. ಕಾರ್ಖಾನೆಯಿಂದ ಬಂದ ಹೆಸರು–ಪಾಸ್‌ವರ್ಡ್‌ಗಳ ಚಿಕ್ಕದೊಂದು ಪಟ್ಟಿ ಹಿಡಿದು, ಗೂಢಲಿಪಿಯಿಲ್ಲದೆ ದೂರದಿಂದ ಲಾಗಿನ್ ಆಗುವ ಟೆಲ್ನೆಟ್ ಮೂಲಕ ಬಾಗಿಲು ಬಡಿಯುತ್ತಾ ಹೋಯಿತು, ಕ್ಯಾಮೆರಾ, ರೌಟರ್‌ಗಳು ಲಕ್ಷಗಟ್ಟಲೆ ಅದರ ಕೈವಶವಾದವು. ಪಾಸ್‌ವರ್ಡ್ ಬದಲಿಸಿದ ಕೂಡಲೇ ಟೆಲ್ನೆಟ್ ಮುಚ್ಚಿ, ಬರಿಯ ಎಚ್‌ಟಿಟಿಪಿ ಮುಚ್ಚಿ, ಗೂಢಲಿಪಿಯಲ್ಲಿ ಸಾಗುವ ಎಚ್‌ಟಿಟಿಪಿಎಸ್ ಮತ್ತು ಎಸ್‌ಎಸ್‌ಎಚ್ ಮಾತ್ರ ಬಿಡಿ. ವ್ಯಾನ್ ಕಡೆಯಿಂದ ಆಡಳಿತ ಪುಟ ತೆರೆಯುವ ಆಯ್ಕೆಗೆ ಟಿಕ್ ಬಿದ್ದಿದ್ದರೆ ತೆಗೆಯಿರಿ. ದೂರದಿಂದ ನೋಡಿಕೊಳ್ಳಲೇಬೇಕು ಎನ್ನುವವರು ವಿಪಿಎನ್ ಮೂಲಕ ಬರಲಿ.

ಪೋರ್ಟ್‌ನ ಸ್ಪೀಡ್, ಡುಪ್ಲೆಕ್ಸ್ ಕೈಯಾರೆ ಹಾಕಿದರೆ ವೇಗ ಜಾಸ್ತಿಯಾಗುತ್ತದೆಯೇ?

ಇಲ್ಲ. ಈ ಒಂದು ನಂಬಿಕೆಯಿಂದ ಆಗಿರುವ ತೊಂದರೆ ಅಷ್ಟಿಷ್ಟಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕೇಬಲ್ ಸಿಕ್ಕಿಸಿದ ಕೂಡಲೇ ಎರಡೂ ತುದಿಯ ಪೋರ್ಟ್‌ಗಳು ‘ನಾನು ಇಷ್ಟು ವೇಗ ಬಲ್ಲೆ, ಫುಲ್ ಡುಪ್ಲೆಕ್ಸ್ ಬಲ್ಲೆ’ ಎಂದು ಒಂದಕ್ಕೊಂದು ತಿಳಿಸಿ, ಇಬ್ಬರಿಗೂ ಆಗುವ ಅತ್ಯುತ್ತಮವಾದುದನ್ನು ಆರಿಸಿಕೊಳ್ಳುತ್ತವೆ. ಇದೇ ಆಟೋ ನೆಗೋಷಿಯೇಷನ್. ಫುಲ್ ಡುಪ್ಲೆಕ್ಸ್ ಎಂದರೆ ಒಂದೇ ಹೊತ್ತಿಗೆ ಕಳಿಸುವುದು, ಪಡೆಯುವುದು ಎರಡೂ; ಹಾಫ್ ಎಂದರೆ ಒಂದು ಸಲಕ್ಕೆ ಒಂದೇ. ಈಗ ಒಂದು ತುದಿಯಲ್ಲಿ ನೀವು 100, ಫುಲ್ ಎಂದು ಕಟ್ಟಿಹಾಕಿದಿರಿ ಎನ್ನೋಣ. ಆ ತುದಿ ಮಾತುಕತೆಯನ್ನೇ ನಿಲ್ಲಿಸುತ್ತದೆ. ಆಟೋದಲ್ಲಿರುವ ಇನ್ನೊಂದು ತುದಿ ಬರುವ ಸಂಕೇತ ನೋಡಿ ವೇಗ 100 ಎಂದು ಊಹಿಸಬಲ್ಲದು, ಡುಪ್ಲೆಕ್ಸ್ ಊಹಿಸಲು ಅದಕ್ಕೆ ದಾರಿಯೇ ಇಲ್ಲ. ನಿಯಮದ ಪ್ರಕಾರ ಹಾಫ್ ಡುಪ್ಲೆಕ್ಸ್‌ಗೆ ಇಳಿಯುತ್ತದೆ. ಒಂದು ಕಡೆ ಮಾತಾಡುತ್ತಲೇ ಕೇಳಿಸಿಕೊಳ್ಳುತ್ತದೆ, ಇನ್ನೊಂದು ಕಡೆ ಎದುರಿನವರು ಸುಮ್ಮನಾಗಲಿ ಎಂದು ಕಾಯುತ್ತದೆ.

ಇದರ ಲಕ್ಷಣ ಮೋಸಗೊಳಿಸುವಂಥದ್ದು. ಲಿಂಕ್ ದೀಪ ಹತ್ತಿರುತ್ತದೆ, ಪಿಂಗ್ ಸರಿಯಾಗಿ ಬರುತ್ತದೆ, ಚಿಕ್ಕ ಪುಟ ತೆರೆಯುತ್ತದೆ. ದೊಡ್ಡ ಫೈಲ್ ಕಳಿಸಲು ಹೋದ ಕೂಡಲೇ ಎಲ್ಲ ತೆವಳತೊಡಗುತ್ತದೆ. ಪೋರ್ಟ್‌ನ ಅಂಕಿಅಂಶ ತೆರೆದು ನೋಡಿ: ಹಾಫ್ ಇರುವ ಕಡೆ ‘ಲೇಟ್ ಕೊಲಿಷನ್’ ಏರುತ್ತಿರುತ್ತದೆ, ಫುಲ್ ಇರುವ ಕಡೆ ‘ಸಿಆರ್‌ಸಿ’ ದೋಷ ಏರುತ್ತಿರುತ್ತದೆ. ಈ ಜೋಡಿ ಕಂಡರೆ ಬೇರೆ ಏನನ್ನೂ ಹುಡುಕಬೇಡಿ, ಎರಡೂ ತುದಿ ಆಟೋ ಮಾಡಿ. ಎದುರಿನ ಸಾಧನ ಹಳೆಯದಾಗಿ ಕೈಯಾರೆ ಹಾಕಲೇಬೇಕಾದರೆ ಎರಡೂ ಕಡೆ ಒಂದೇ ಬೆಲೆ ಹಾಕಿ.

ತಾಮ್ರದ ಗಿಗಾಬಿಟ್‌ನಲ್ಲಂತೂ ಮಾತುಕತೆ ಕಡ್ಡಾಯ. ಗಡಿಯಾರದ ಮಿಡಿತ ಯಾರು ಕೊಡಬೇಕು, ಯಾರು ಅನುಸರಿಸಬೇಕು ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ.

ಗಿಗಾಬಿಟ್ ಪೋರ್ಟ್, ಆದರೆ 100 ಮಾತ್ರ ತೋರಿಸುತ್ತಿದೆ. ಸೆಟ್ಟಿಂಗ್ ತಪ್ಪೇ?

ಮೊದಲು ಕೇಬಲನ್ನು ಅನುಮಾನಿಸಿ. 100 ಮೆಗಾಬಿಟ್‌ಗೆ ಎರಡು ಜೊತೆ ತಂತಿ ಸಾಕು, 1, 2, 3 ಮತ್ತು 6ನೇ ಪಿನ್‌ಗಳು. ಗಿಗಾಬಿಟ್‌ಗೆ ನಾಲ್ಕೂ ಜೊತೆ, ಅಂದರೆ ಎಂಟೂ ತಂತಿ ಬೇಕು. ಕ್ರಿಂಪ್ ಮಾಡುವಾಗ 4, 5, 7, 8ರಲ್ಲಿ ಒಂದು ತಂತಿ ಸರಿಯಾಗಿ ಕೂರದಿದ್ದರೂ ಹಲವು ಸಾಧನಗಳು ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತವೆ. ಇಳಿಯಲು ಬಾರದವು ಲಿಂಕ್ ಏರಿಸುತ್ತಾ ಬೀಳಿಸುತ್ತಾ ಮಿನುಗುತ್ತಿರುತ್ತವೆ. ಕ್ಯಾಟ್ 5ಇ ಅಥವಾ ಅದಕ್ಕಿಂತ ಮೇಲಿನ ಕೇಬಲ್, ಒಟ್ಟು ಉದ್ದ 100 ಮೀಟರ್ ಒಳಗೆ: ಇಷ್ಟಿದ್ದರೆ ಗಿಗಾಬಿಟ್ ಬರಲೇಬೇಕು. ಚೆನ್ನಾಗಿದೆ ಎಂದು ಗೊತ್ತಿರುವ ಗಿಡ್ಡ ಕೇಬಲ್ ಒಂದನ್ನು ಸದಾ ಚೀಲದಲ್ಲಿಟ್ಟುಕೊಳ್ಳಿ.

ಕ್ರಾಸ್ ಕೇಬಲ್ ಬೇಕೇ?

ಬೇಡ. ಈಗಿನ ಪೋರ್ಟ್‌ಗಳು ತಾವೇ ತಂತಿ ಅದಲುಬದಲು ಮಾಡಿಕೊಳ್ಳುತ್ತವೆ.

ವ್ಯಾನ್‌ನಲ್ಲಿ ಡಿಎಚ್‌ಸಿಪಿ, ಸ್ಟ್ಯಾಟಿಕ್, ಪಿಪಿಪಿಒಇ ಎಂದು ಮೂರು ಆಯ್ಕೆಗಳಿವೆ. ಯಾವುದು ಆರಿಸಲಿ?

ಇದು ನಿಮ್ಮ ಆಯ್ಕೆಯಲ್ಲ, ಸೇವಾದಾರರು ಹೇಳಿದ್ದೇ ಆಗಬೇಕು. ವಿಳಾಸ, ಸಬ್‌ನೆಟ್ ಮಾಸ್ಕ್, ಗೇಟ್‌ವೇ, ಡಿಎನ್‌ಎಸ್ ಎಂದು ಬರೆದುಕೊಟ್ಟಿದ್ದರೆ ಸ್ಟ್ಯಾಟಿಕ್. ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟಿದ್ದರೆ ಬಹುಮಟ್ಟಿಗೆ ಪಿಪಿಪಿಒಇ, ಅಂದರೆ ಲಾಗಿನ್ ಆಗಿ ಪಡೆಯುವ ಬಗೆಯ ಸಂಪರ್ಕ. ಏನೂ ಕೊಟ್ಟಿಲ್ಲದಿದ್ದರೆ ಡಿಎಚ್‌ಸಿಪಿ. ಒಂದು ಎಚ್ಚರಿಕೆ: ವ್ಯಾನ್‌ನಲ್ಲಿ ಬಂದ ವಿಳಾಸ ಮತ್ತು ಲ್ಯಾನ್‌ನ ವಿಳಾಸ ಒಂದೇ ಸಬ್‌ನೆಟ್‌ನಲ್ಲಿರಬಾರದು. ಎರಡೂ 192.168.1 ಆಗಿದ್ದರೆ ಪ್ಯಾಕೆಟ್ ಯಾವ ಕಡೆ ಹೋಗಬೇಕೆಂದು ಗೇಟ್‌ವೇಗೆ ತಿಳಿಯುವುದಿಲ್ಲ. ಲ್ಯಾನ್ ಕಡೆಯದನ್ನು 10ರಿಂದ ಶುರುವಾಗುವ ಸಾಲಿಗೆ ಬದಲಿಸಿದರೆ ತೊಂದರೆ ತಪ್ಪುತ್ತದೆ.

ಪಿಪಿಪಿಒಇ ಹೆಸರು, ಪಾಸ್‌ವರ್ಡ್ ಎರಡೂ ಸರಿಯಿದ್ದರೂ ಸಂಪರ್ಕ ಆಗುತ್ತಿಲ್ಲ.

ಲಾಗ್ ತೆರೆದು, ಎಲ್ಲಿಯವರೆಗೆ ಹೋಗಿ ನಿಂತಿದೆ ನೋಡಿ. ಪಿಪಿಪಿಒಇ ಮೊದಲು ‘ಇಲ್ಲಿ ಯಾರಾದರೂ ಇದ್ದೀರಾ’ ಎಂದು ಇಡೀ ಜಾಲಕ್ಕೆ ಕೂಗುತ್ತದೆ, ಲಾಗ್‌ನಲ್ಲಿ ಇದು ಪಿಎಡಿಐ. ಉತ್ತರವಾಗಿ ಪಿಎಡಿಒ ಬರಬೇಕು. ಪಿಎಡಿಐ ಮಾತ್ರ ಸಾಲುಸಾಲಾಗಿ ಕಾಣುತ್ತಿದ್ದರೆ ನಿಮ್ಮ ಪಾಸ್‌ವರ್ಡ್ ಇನ್ನೂ ಯಾರ ಕೈಗೂ ತಲುಪಿಲ್ಲ. ಕೇಬಲ್, ಮೋಡೆಮ್, ವಿಲ್ಯಾನ್ ಸಂಖ್ಯೆ ಇವೇ ತಪ್ಪಿತಸ್ಥರು. ಹಲವು ಫೈಬರ್ ಸೇವೆಗಳಲ್ಲಿ ವ್ಯಾನ್ ಪೋರ್ಟ್‌ಗೆ ಒಂದು ವಿಲ್ಯಾನ್ ಟ್ಯಾಗ್ ಹಾಕಲೇಬೇಕು. ಅದನ್ನು ಬಿಟ್ಟರೆ ಕೂಗು ಯಾರಿಗೂ ಕೇಳಿಸದು.

ಉತ್ತರ ಬಂದ ಮೇಲೆ ದೃಢೀಕರಣದಲ್ಲಿ ನಿಂತರೆ ಮಾತು ಬೇರೆ. ಹೆಸರಿನ ಕೊನೆಗೆ ಅಟ್ ಚಿಹ್ನೆ ಮತ್ತು ಡೊಮೇನ್ ಸೇರಿಸಬೇಕಿತ್ತೇ, ನಕಲು ಮಾಡುವಾಗ ಖಾಲಿ ಜಾಗ ಅಂಟಿಕೊಂಡಿತೇ ಎಂದು ನೋಡಿ. ಪ್ಯಾಪ್, ಚಾಪ್ ಎರಡನ್ನೂ ಗೇಟ್‌ವೇ ಒಪ್ಪುವಂತಿರಲಿ. ಪ್ಯಾಪ್ ಪಾಸ್‌ವರ್ಡನ್ನು ಹಾಗೇ ತೆರೆದು ಕಳಿಸುತ್ತದೆ, ಚಾಪ್ ಸವಾಲೊಂದನ್ನು ಪಡೆದು ಅದಕ್ಕೆ ಲೆಕ್ಕಹಾಕಿದ ಉತ್ತರ ಕಳಿಸುತ್ತದೆ. ಸೇವಾದಾರರು ಚಾಪ್ ಒಪ್ಪುತ್ತಾರೆಂದು ಗೊತ್ತಾದರೆ ಪ್ಯಾಪ್ ತೆಗೆದುಬಿಡಿ. ಇನ್ನೊಂದು ಸಾಧ್ಯತೆ: ಕರೆಂಟ್ ಹೋಗಿ ಗೇಟ್‌ವೇ ಹಠಾತ್ತನೆ ಆರಿದಾಗ ಹಳೆಯ ಸೆಷನ್ ಆ ತುದಿಯಲ್ಲಿ ಬದುಕಿರುತ್ತದೆ, ಒಂದೇ ಲಾಗಿನ್ ಎರಡು ಸಲ ಬೇಡ ಎಂದು ಹೊಸದನ್ನು ತಳ್ಳಿಹಾಕುತ್ತದೆ. ಕೆಲವು ನಿಮಿಷ ಆರಿಸಿಟ್ಟು ಮತ್ತೆ ಹಚ್ಚಿ.

ಸಂಪರ್ಕ ಬಂದಿದೆ, ಕೆಲವು ಸೈಟ್‌ಗಳು ಮಾತ್ರ ಅರ್ಧಕ್ಕೆ ನಿಲ್ಲುತ್ತವೆ.

ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ನೋಡಿ. ಈಥರ್ನೆಟ್ ಒಂದು ಸಲಕ್ಕೆ ಹೊರುವ ಹೊರೆ 1500 ಬೈಟ್. ಅದರಲ್ಲಿ ಪಿಪಿಪಿಒಇ ತನ್ನ ತಲೆಬರಹಕ್ಕೆ 8 ಬೈಟ್ ತೆಗೆದುಕೊಳ್ಳುತ್ತದೆ, ಉಳಿಯುವುದು 1492. ಎಂಟಿಯು 1500 ಎಂದೇ ಬಿಟ್ಟರೆ ದೊಡ್ಡ ಪ್ಯಾಕೆಟ್‌ಗಳು ದಾರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ‘ನಿನ್ನ ಪ್ಯಾಕೆಟ್ ದೊಡ್ಡದಾಯಿತು’ ಎಂಬ ಐಸಿಎಂಪಿ ಸಂದೇಶವನ್ನು ಯಾವುದೋ ಫೈರ್‌ವಾಲ್ ತಡೆದಿದ್ದರೆ ಕಳಿಸಿದವರಿಗೆ ವಿಷಯವೇ ತಿಳಿಯುವುದಿಲ್ಲ. ಅದಕ್ಕೇ ಕೆಲವು ಸೈಟ್ ತೆರೆಯುತ್ತವೆ, ಕೆಲವು ಸುತ್ತುತ್ತಾ ಕೂರುತ್ತವೆ. ವ್ಯಾನ್ ಎಂಟಿಯು 1492 ಮಾಡಿ, ಟಿಸಿಪಿ ತುಂಡುಗಳ ಗಾತ್ರಕ್ಕೆ ಮಿತಿ ಹಾಕುವ ‘ಎಂಎಸ್‌ಎಸ್ ಕ್ಲ್ಯಾಂಪ್’ ಆಯ್ಕೆಯಿದ್ದರೆ ಹಚ್ಚಿ. ಐಪಿವಿ4ರಲ್ಲಿ ಅದರ ಬೆಲೆ 1452. ಪರೀಕ್ಷಿಸಲು, ತುಂಡು ಮಾಡಬಾರದು ಎಂಬ ಆಯ್ಕೆಯೊಂದಿಗೆ 1464 ಬೈಟ್‌ನ ಪಿಂಗ್ ಕಳಿಸಿ. ತಲೆಬರಹದ 28 ಸೇರಿ 1492 ಆಗುತ್ತದೆ. ಅದು ಹೋಗಿ 1465 ಹೋಗದಿದ್ದರೆ ನಿಮ್ಮ ಲೆಕ್ಕ ಸರಿ.

ಗೇಟ್‌ವೇ ಬದಲಿಸಿದ ಮೇಲೆ ನೆಟ್ ಬರುತ್ತಿಲ್ಲ. ಹಳೆಯದು ಹಾಕಿದರೆ ಬರುತ್ತದೆ.

ಸೇವಾದಾರರ ಕಡೆ ಹಳೆಯ ಪೆಟ್ಟಿಗೆಯ ಮ್ಯಾಕ್ ವಿಳಾಸ (ಪ್ರತಿ ಸಾಧನಕ್ಕೆ ಕಾರ್ಖಾನೆಯಲ್ಲೇ ಕೊಟ್ಟ ಗುರುತುಸಂಖ್ಯೆ) ನೋಂದಣಿಯಾಗಿರಬಹುದು. ಅವರಿಗೆ ತಿಳಿಸಿ ಹೊಸದನ್ನು ಬರೆಸಿ. ಅಲ್ಲಿಯವರೆಗೆ ‘ಮ್ಯಾಕ್ ಕ್ಲೋನ್’ ಆಯ್ಕೆಯಲ್ಲಿ ಹಳೆಯ ವಿಳಾಸ ಹಾಕಬಹುದು, ಆದರೆ ಆಗ ಎರಡೂ ಪೆಟ್ಟಿಗೆಗಳನ್ನು ಒಂದೇ ಜಾಲಕ್ಕೆ ಎಂದೂ ಜೋಡಿಸಬೇಡಿ.

ವಿಲ್ಯಾನ್‌ನಲ್ಲಿ ಟ್ಯಾಗ್ಡ್, ಅನ್‌ಟ್ಯಾಗ್ಡ್ ಅಂದರೆ ಗೊಂದಲ.

ಪ್ರತಿ ಫ್ರೇಮ್‌ಗೆ 4 ಬೈಟ್‌ನ ಒಂದು ಚೀಟಿ ಅಂಟಿಸಬಹುದು, ಅದರಲ್ಲಿ 1ರಿಂದ 4094ರವರೆಗಿನ ಒಂದು ಸಂಖ್ಯೆ. ಕಂಪ್ಯೂಟರು, ಪ್ರಿಂಟರಿಗೆ ಸಾಮಾನ್ಯವಾಗಿ ಈ ಚೀಟಿ ಓದಲು ಬಾರದು, ಹಾಗಾಗಿ ಅವುಗಳ ಪೋರ್ಟ್ ಅನ್‌ಟ್ಯಾಗ್ಡ್. ಅಲ್ಲಿಗೆ ಬಂದ ಫ್ರೇಮ್ ಯಾವ ವಿಲ್ಯಾನ್‌ಗೆ ಸೇರಬೇಕು ಎಂದು ಹೇಳುವುದು ಪಿವಿಐಡಿ. ಗೇಟ್‌ವೇಯಿಂದ ಸ್ವಿಚ್‌ಗೆ ಹೋಗುವ ಕೇಬಲ್‌ನಲ್ಲಿ ಹಲವು ವಿಲ್ಯಾನ್‌ಗಳು ಹೋಗಬೇಕಾದ್ದರಿಂದ ಅಲ್ಲಿ ಟ್ಯಾಗ್ಡ್. ಎರಡೂ ತುದಿಯಲ್ಲಿ ಒಂದೇ ಪಟ್ಟಿ ಇರಬೇಕು. ಅನ್‌ಟ್ಯಾಗ್ಡ್ ಮಾಡಿ ಪಿವಿಐಡಿ ಬದಲಿಸಲು ಮರೆಯುವುದು ನಾನು ಅತಿ ಹೆಚ್ಚು ಕಂಡ ತಪ್ಪು: ಹೋಗುವ ಫ್ರೇಮ್ ಒಂದು ವಿಲ್ಯಾನ್‌ನದು, ಬರುವ ಫ್ರೇಮ್ ಇನ್ನೊಂದರದು ಆಗಿ ಕೂರುತ್ತದೆ.

802.1ಎಕ್ಸ್ ಎಂದರೇನು? ವೈಫೈಗೆ ಪಾಸ್‌ವರ್ಡ್ ಇರುವಂತೆ ಪೋರ್ಟ್‌ಗೂ ಇಡುವುದೇ?

ಹತ್ತಿರ ಹತ್ತಿರ ಅದೇ. ಗೋಡೆಯಲ್ಲಿರುವ ಈಥರ್ನೆಟ್ ಸಾಕೆಟ್‌ಗೆ ಯಾರು ಬೇಕಾದರೂ ಲ್ಯಾಪ್‌ಟಾಪ್ ಚುಚ್ಚಿ ಒಳಜಾಲಕ್ಕೆ ಇಳಿಯಬಹುದು ಎಂಬುದು ಬಹಳ ಜನ ಗಮನಿಸದ ಬಾಗಿಲು. ವೈಫೈಗೆ ಉದ್ದನೆಯ ಪಾಸ್‌ವರ್ಡ್ ಇಟ್ಟು, ಸಂದರ್ಶಕರು ಕೂರುವ ಕೋಣೆಯ ಸಾಕೆಟ್ ಹಾಗೇ ಬಿಟ್ಟಿರುವ ಕಚೇರಿಗಳನ್ನು ನೋಡಿದಾಗಲೆಲ್ಲ ನನಗೆ ಕಳವಳವಾಗುತ್ತದೆ.

802.1ಎಕ್ಸ್ ಮಾನಕ ಮೊದಲು ಬಂದದ್ದು 2001ರಲ್ಲಿ. ಇದರಲ್ಲಿ ಮೂವರಿದ್ದಾರೆ. ಒಳಗೆ ಬರಬೇಕೆನ್ನುವ ಕಂಪ್ಯೂಟರು, ಬಾಗಿಲಲ್ಲಿ ನಿಂತ ಗೇಟ್‌ವೇ ಅಥವಾ ಸ್ವಿಚ್, ಒಳಗೆ ಕೂತು ತೀರ್ಮಾನ ಹೇಳುವ ರೇಡಿಯಸ್ ಸರ್ವರ್. ಕೇಬಲ್ ಹಾಕಿದಾಗ ಪೋರ್ಟ್ ದೃಢೀಕರಣದ ಮಾತುಗಳನ್ನು ಬಿಟ್ಟು ಬೇರೆ ಏನನ್ನೂ ಒಳಬಿಡುವುದಿಲ್ಲ, ಡಿಎಚ್‌ಸಿಪಿಯನ್ನೂ ಬಿಡುವುದಿಲ್ಲ. ಕಂಪ್ಯೂಟರು ಹೇಳಿದ್ದನ್ನು ಗೇಟ್‌ವೇ ರೇಡಿಯಸ್ ಪೊಟ್ಟಣದಲ್ಲಿಟ್ಟು ಸರ್ವರ್‌ಗೆ ಕಳಿಸುತ್ತದೆ, ಉತ್ತರ ತಂದು ಕೊಡುತ್ತದೆ. ಪಾಸ್‌ವರ್ಡ್ ಸರಿಯೇ ತಪ್ಪೇ ಎಂದು ಗೇಟ್‌ವೇಗೆ ಸ್ವತಃ ಗೊತ್ತಿರುವುದಿಲ್ಲ. ಸರ್ವರ್ ಒಪ್ಪಿದರೆ ಪೋರ್ಟ್ ತೆರೆಯುತ್ತದೆ. ಒಪ್ಪಿಗೆಯ ಜೊತೆಗೆ ‘ಇವರನ್ನು ಇಂಥ ವಿಲ್ಯಾನ್‌ಗೆ ಹಾಕು’ ಎಂದೂ ಸರ್ವರ್ ಹೇಳಬಹುದು. ಅದಕ್ಕೆ ಮೂರು ಗುಣಗಳನ್ನು ಒಟ್ಟಿಗೆ ಕಳಿಸಬೇಕು: ಟನಲ್ ಟೈಪ್ 13, ಟನಲ್ ಮೀಡಿಯಂ ಟೈಪ್ 6, ಪ್ರೈವೇಟ್ ಗ್ರೂಪ್ ಐಡಿಯಲ್ಲಿ ವಿಲ್ಯಾನ್ ಸಂಖ್ಯೆ. ಒಂದು ಬಿಟ್ಟರೂ ವಿಲ್ಯಾನ್ ಬದಲಾಗದೇ ಹೋಗಬಹುದು.

ಇದರ ಮಿತಿಯನ್ನೂ ಹೇಳಬೇಕು. ಬಾಗಿಲು ತೆರೆದ ಮೇಲೆ ಒಳಹೋಗುವ ಪ್ರತಿ ಫ್ರೇಮ್ ಅದೇ ಕಂಪ್ಯೂಟರಿನದ್ದೇ ಎಂದು 802.1ಎಕ್ಸ್ ಒಂದರಿಂದಲೇ ಖಾತ್ರಿಯಾಗದು. ನಡುವೆ ಹಬ್ ಇಟ್ಟು ಮ್ಯಾಕ್ ವಿಳಾಸ ನಕಲು ಮಾಡಿದವರು ಬೆನ್ನಹಿಂದೆ ನುಸುಳಬಹುದು. ಅದನ್ನೂ ತಡೆಯಬೇಕೆಂದರೆ ಮ್ಯಾಕ್‌ಸೆಕ್ ಗೂಢಲಿಪೀಕರಣ ಬೇಕು, ಎರಡೂ ತುದಿ ಅದನ್ನು ಬಲ್ಲದ್ದಾಗಿರಬೇಕು.

ರೇಡಿಯಸ್ ಸರ್ವರ್ ಸೇರಿಸಿದ್ದೇನೆ, ‘ಟೈಮ್‌ಔಟ್’ ಎನ್ನುತ್ತಿದೆ. ಸರ್ವರ್‌ಗೆ ಪಿಂಗ್ ಹೋಗುತ್ತದೆ.

ಶೇರ್ಡ್ ಸೀಕ್ರೆಟ್, ಅಂದರೆ ಗೇಟ್‌ವೇ ಮತ್ತು ಸರ್ವರ್ ಎರಡರಲ್ಲೂ ಒಂದೇ ಇರಬೇಕಾದ ಗುಟ್ಟುಪದ, ತಪ್ಪಿರಬಹುದು. ಇದನ್ನು ಹೊಸಬರು ನಂಬುವುದಿಲ್ಲ, ಏಕೆಂದರೆ ಗುಟ್ಟುಪದ ತಪ್ಪಿದರೆ ‘ತಪ್ಪು’ ಎಂಬ ಉತ್ತರ ಬರಬೇಕಲ್ಲವೇ ಎಂದು ಕೇಳುತ್ತಾರೆ. 802.1ಎಕ್ಸ್ ಕೋರಿಕೆಗಳಲ್ಲಿ ಸೀಕ್ರೆಟ್ ಹೊಂದದಿದ್ದರೆ ಸರ್ವರ್ ಉತ್ತರವನ್ನೇ ಕೊಡದೆ ಪೊಟ್ಟಣ ಎಸೆಯುತ್ತದೆ. ಗುರುತಿಲ್ಲದ ವಿಳಾಸದಿಂದ ಬಂದ ಕೋರಿಕೆಗೂ ಅದೇ ಗತಿ. ಗೇಟ್‌ವೇಗೆ ಹಲವು ಐಪಿಗಳಿದ್ದರೆ ಯಾವುದರಿಂದ ಕೋರಿಕೆ ಹೊರಡುತ್ತದೆ ಎಂದು ನೋಡಿ, ಅದನ್ನೇ ಸರ್ವರ್‌ನಲ್ಲಿ ಬರೆಯಿರಿ. ಪೋರ್ಟ್ ಸಂಖ್ಯೆಯೂ ಹೊಂದಬೇಕು: ದೃಢೀಕರಣಕ್ಕೆ ಯುಡಿಪಿ 1812, ಲೆಕ್ಕ ಬರೆಯಲು 1813. ಹಳೆಯ ಸಾಧನಗಳು ಇನ್ನೂ 1645, 1646 ಹಿಡಿದಿರುತ್ತವೆ.

ಆರಂಭದ ಮಾತುಕತೆ ಸಾಗಿ, ಸರ್ಟಿಫಿಕೇಟ್ ಕಳಿಸುವ ಹಂತದಲ್ಲಿ ಮಾತ್ರ ಟೈಮ್‌ಔಟ್ ಆದರೆ ಕಾರಣ ಬೇರೆ. ಸರ್ಟಿಫಿಕೇಟ್ ದೊಡ್ಡದಾಗಿ ಯುಡಿಪಿ ಪ್ಯಾಕೆಟ್ ತುಂಡಾಗಿದೆ, ದಾರಿಯಲ್ಲಿರುವ ಯಾವುದೋ ಫೈರ್‌ವಾಲ್ ತುಂಡುಗಳನ್ನು ಬೀಳಿಸುತ್ತಿದೆ.

ಸೀಕ್ರೆಟ್ ಉದ್ದವಾಗಿರಲಿ, ಪ್ರತಿ ಸಾಧನಕ್ಕೆ ಬೇರೆ ಬೇರೆ ಇರಲಿ. ರೇಡಿಯಸ್‌ನಲ್ಲಿ ಪಾಸ್‌ವರ್ಡ್ ಮಾತ್ರ ಮರೆಮಾಚಿರುತ್ತದೆ, ಅದೂ ಹಳೆಯ ಎಂಡಿ5 ವಿಧಾನದಲ್ಲಿ. 2024ರಲ್ಲಿ ಬೆಳಕಿಗೆ ಬಂದ ಬ್ಲಾಸ್ಟ್‌ರೇಡಿಯಸ್ ದೋಷ ಇದೇ ಎಂಡಿ5 ಬಳಸಿ ‘ಇಲ್ಲ’ ಎಂಬ ಉತ್ತರವನ್ನು ‘ಹೌದು’ ಮಾಡಬಹುದೆಂದು ತೋರಿಸಿತು. ದೃಢೀಕರಣದ ಮಾತುಕತೆಗೆ ಈಎಪಿ ಎಂಬ ಚೌಕಟ್ಟನ್ನು ಬಳಸುವ 802.1ಎಕ್ಸ್ ಅದರಿಂದ ಪಾರು. ಆಡಳಿತದ ಲಾಗಿನ್‌ಗೆ ಪ್ಯಾಪ್ ಮೂಲಕ ರೇಡಿಯಸ್ ಬಳಸುವವರು ಮಾತ್ರ ‘ಮೆಸೇಜ್ ಅಥೆಂಟಿಕೇಟರ್ ಕಡ್ಡಾಯ’ ಎಂಬ ಆಯ್ಕೆಯನ್ನು ಎರಡೂ ಕಡೆ ಹಚ್ಚಲೇಬೇಕು.

ವಿಂಡೋಸ್ ಕಂಪ್ಯೂಟರಿನಲ್ಲಿ ಅಥೆಂಟಿಕೇಷನ್ ಟ್ಯಾಬ್ ಕಾಣುತ್ತಲೇ ಇಲ್ಲ.

‘ವೈರ್ಡ್ ಆಟೋಕಾನ್ಫಿಗ್’ ಎಂಬ ಸರ್ವಿಸ್ ಶುರುವಾಗಿಲ್ಲ. ಅದು ತಾನಾಗಿ ಶುರುವಾಗುವುದಿಲ್ಲ. ಸರ್ವಿಸ್ ಪಟ್ಟಿಯಲ್ಲಿ ಆಟೋಮ್ಯಾಟಿಕ್ ಮಾಡಿ ಹಚ್ಚಿದರೆ ಟ್ಯಾಬ್ ಬರುತ್ತದೆ.

ಪಾಸ್‌ವರ್ಡ್ ಸಾಕೇ, ಸರ್ಟಿಫಿಕೇಟ್ ಬೇಕೇ?

ಕೈಯಲ್ಲಾದರೆ ಎರಡೂ ಕಡೆ ಸರ್ಟಿಫಿಕೇಟ್ ಇರುವ ಈಎಪಿ–ಟಿಎಲ್‌ಎಸ್ ಹಾಕಿ, ಕದಿಯಲು ಪಾಸ್‌ವರ್ಡೇ ಇರುವುದಿಲ್ಲ. ಅದು ಭಾರವೆನಿಸಿದರೆ, ಸರ್ವರ್‌ಗೆ ಮಾತ್ರ ಸರ್ಟಿಫಿಕೇಟ್ ಇದ್ದು ಬಳಕೆದಾರರು ಪಾಸ್‌ವರ್ಡ್ ಕೊಡುವ ಪೀಪ್. ಪೀಪ್‌ನಲ್ಲಿ ಸರ್ವರ್‌ನ ಸರ್ಟಿಫಿಕೇಟ್ ಪರೀಕ್ಷಿಸು ಎಂಬ ಟಿಕ್ ತೆಗೆದರೆ ಕೆಲಸ ಬೇಗ ಆಗುತ್ತದೆ ಎಂದು ಕೆಲವರು ಹೇಳಿಕೊಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಕಲಿ ಸರ್ವರ್ ಇಟ್ಟವರ ಕೈಗೆ ಪಾಸ್‌ವರ್ಡ್‌ನ ಸುಳಿವು ಕೊಟ್ಟಂತಾಗುತ್ತದೆ. ಇನ್ನು, ಸರ್ವರ್ ಮತ್ತು ಕಂಪ್ಯೂಟರುಗಳ ಗಡಿಯಾರ ಸರಿಯಿರಲಿ. ತಾರೀಖು ತಪ್ಪಿದರೆ ಒಳ್ಳೆಯ ಸರ್ಟಿಫಿಕೇಟೂ ಅವಧಿ ಮುಗಿದದ್ದಾಗಿ ಅಥವಾ ಇನ್ನೂ ಹುಟ್ಟದ್ದಾಗಿ ಕಾಣುತ್ತದೆ.

ಪ್ರಿಂಟರು, ಕ್ಯಾಮೆರಾಗಳಿಗೆ 802.1ಎಕ್ಸ್ ಬರುವುದಿಲ್ಲ. ಏನು ಮಾಡಲಿ?

ಅವುಗಳಿಗೆ ಮ್ಯಾಕ್ ವಿಳಾಸವನ್ನೇ ಗುರುತಾಗಿ ಒಪ್ಪುವ ಮ್ಯಾಬ್ ವಿಧಾನವಿದೆ. ಮ್ಯಾಕ್ ವಿಳಾಸ ಸಾಧನದ ಮೈಮೇಲೇ ಅಚ್ಚಾಗಿರುತ್ತದೆ, ನಕಲು ಮಾಡಲು ಒಂದು ನಿಮಿಷ ಸಾಕು. ಆದ್ದರಿಂದ ಹೀಗೆ ಬಂದವನ್ನು ಬೇರೆ ವಿಲ್ಯಾನ್‌ಗೆ ಹಾಕಿ, ಬೇಕಾದ ಸರ್ವರ್ ಬಿಟ್ಟು ಬೇರೆಲ್ಲಿಗೂ ಹೋಗದಂತೆ ಕಟ್ಟಿ. ಮ್ಯಾಬ್‌ಗೆ ಮೊದಲು ಗೇಟ್‌ವೇ 802.1ಎಕ್ಸ್ ಉತ್ತರಕ್ಕಾಗಿ ಕಾಯುತ್ತದೆ, ಕೆಲವು ಸಾಧನಗಳಲ್ಲಿ 30 ಸೆಕೆಂಡಿನ ಮೂರು ಸುತ್ತು, ಒಟ್ಟು 90 ಸೆಕೆಂಡ್. ಅಷ್ಟರಲ್ಲಿ ಪ್ರಿಂಟರಿನ ಡಿಎಚ್‌ಸಿಪಿ ಸುಸ್ತಾಗಿ ಕೈಬಿಟ್ಟಿರುತ್ತದೆ. ಕಾಯುವ ಅವಧಿ 10 ಸೆಕೆಂಡಿನ ಆಸುಪಾಸಿಗೆ ಇಳಿಸಿದರೆ ಸಮಸ್ಯೆ ನೀಗುತ್ತದೆ.

ಒಂದೇ ಪೋರ್ಟ್‌ಗೆ ಚಿಕ್ಕ ಸ್ವಿಚ್ ಹಾಕಿ ನಾಲ್ವರು ಕೂತರೆ?

ಹೋಸ್ಟ್ ಮೋಡ್ ಹೇಗಿದೆ ಎಂಬುದರ ಮೇಲೆ ನಿಂತಿದೆ. ಒಬ್ಬರು ಲಾಗಿನ್ ಆದರೆ ಉಳಿದವರೆಲ್ಲ ಪುಕ್ಕಟೆ ಒಳಬರುವ ಮೋಡ್ ಒಂದಿದೆ, ಅದನ್ನು ಬಳಸಬೇಡಿ. ಪ್ರತಿ ಮ್ಯಾಕ್ ವಿಳಾಸಕ್ಕೂ ಬೇರೆ ದೃಢೀಕರಣ ಕೇಳುವ ಮೋಡ್ ಆರಿಸಿ. ನಡುವಿನ ಸ್ವಿಚ್ ದೃಢೀಕರಣದ ಫ್ರೇಮ್‌ಗಳನ್ನು ದಾಟಿಸದೆ ನುಂಗಿಬಿಡಬಹುದು, ಮಾನಕ ಹೇಳುವುದೇ ಹಾಗೆ. ಮೊದಲು ಒಂದರಲ್ಲಿ ಪರೀಕ್ಷಿಸಿ.

ರೇಡಿಯಸ್ ಸರ್ವರ್ ಬಿದ್ದುಹೋದರೆ ಎಲ್ಲರೂ ಹೊರಗೇ?

ಎರಡನೇ ಸರ್ವರ್ ಇಲ್ಲದಿದ್ದರೆ ಹೌದು. ಈಗಾಗಲೇ ಒಳಗಿರುವವರು ಮರುದೃಢೀಕರಣದ ಹೊತ್ತಿನವರೆಗೆ ಉಳಿಯುತ್ತಾರೆ. ಸರ್ವರ್ ಸಿಗದಾಗ ಸೀಮಿತ ವಿಲ್ಯಾನ್‌ಗೆ ಹಾಕುವ ಆಯ್ಕೆ ಹಲವು ಸಾಧನಗಳಲ್ಲಿದೆ. ಆಡಳಿತದ ಲಾಗಿನ್‌ಗೆ ಮಾತ್ರ ಗೇಟ್‌ವೇಯೊಳಗೇ ಒಂದು ಸ್ಥಳೀಯ ಖಾತೆ ಇಟ್ಟಿರಿ.

ಸೆಟ್ಟಿಂಗ್ ಬದಲಿಸುವಾಗ ನಾನೇ ಹೊರಗುಳಿದರೆ?

ನನಗೆ ಇದು ಆಗಿದೆ. ದೂರದ ಕಟ್ಟಡದ ಗೇಟ್‌ವೇಯಲ್ಲಿ ಎಲ್ಲ ಲ್ಯಾನ್ ಪೋರ್ಟ್‌ಗಳಿಗೂ ಒಟ್ಟಿಗೆ 802.1ಎಕ್ಸ್ ಹಚ್ಚಿದೆ. ಅವುಗಳಲ್ಲೊಂದು ರೇಡಿಯಸ್ ಸರ್ವರ್ ಕೂತಿದ್ದ ಪೋರ್ಟ್. ಸರ್ವರ್ ಒಳಬರಲು ಸರ್ವರ್‌ನದೇ ಒಪ್ಪಿಗೆ ಬೇಕಾಯಿತು, ಯಾರೂ ಒಳಬರಲಾಗಲಿಲ್ಲ. ರಾತ್ರಿ ಹೊತ್ತು ಕನ್ಸೋಲ್ ಕೇಬಲ್ ಹಿಡಿದು ಅಲ್ಲಿಗೇ ಹೋಗಬೇಕಾಯಿತು.

ಅಂದಿನಿಂದ ಸರ್ವರ್, ಅಪ್‌ಲಿಂಕ್ ಮತ್ತು ಆಡಳಿತಕ್ಕೆಂದು ಬೀಗದ ಕೋಣೆಯಲ್ಲಿಟ್ಟ ಒಂದು ಪೋರ್ಟ್, ಈ ಮೂರನ್ನು ದೃಢೀಕರಣದಿಂದ ಹೊರಗಿಟ್ಟ ಮೇಲೆಯೇ ಉಳಿದವಕ್ಕೆ ಕೈಹಾಕುತ್ತೇನೆ. ಮೊದಲು ಒಂದೇ ಪೋರ್ಟ್, ಒಂದು ದಿನದ ನಿಗಾ, ಆಮೇಲೆ ಮಿಕ್ಕವು. ‘ಇಷ್ಟು ನಿಮಿಷದಲ್ಲಿ ಖಚಿತಪಡಿಸದಿದ್ದರೆ ಹಳೆಯದಕ್ಕೆ ಮರಳು’ ಎಂಬ ಸೌಲಭ್ಯ ನಿಮ್ಮ ಗೇಟ್‌ವೇಯಲ್ಲಿದ್ದರೆ ಅದಿಲ್ಲದೆ ಏನನ್ನೂ ಬದಲಿಸಬೇಡಿ. ಇಲ್ಲದಿದ್ದರೆ, ಬದಲಾವಣೆಯನ್ನು ಸೇವ್ ಮಾಡದೆ ಪರೀಕ್ಷಿಸಲು ಆಗುತ್ತದೆಯೇ ನೋಡಿ. ಆಗ ಕರೆಂಟ್ ತೆಗೆದು ಹಾಕಿದರೆ ಹಳೆಯದು ಬರುತ್ತದೆ.

ಬಳಸದ ಪೋರ್ಟ್‌ಗಳನ್ನು ಏನು ಮಾಡಲಿ?

ಸೆಟ್ಟಿಂಗ್‌ನಲ್ಲಿ ಆಫ್ ಮಾಡಿ. ಜೊತೆಗೆ, ಎಲ್ಲಿಗೂ ದಾರಿಯಿಲ್ಲದ ಒಂದು ವಿಲ್ಯಾನ್‌ಗೆ ಸೇರಿಸಿಟ್ಟರೆ ಯಾರಾದರೂ ತಪ್ಪಿ ಹಚ್ಚಿದಾಗಲೂ ಹಾನಿಯಿಲ್ಲ.

ಸೆಟ್ಟಿಂಗ್‌ನ ಬ್ಯಾಕಪ್ ಫೈಲ್ ಎಲ್ಲಿಡಬೇಕು?

ಆ ಫೈಲ್‌ನಲ್ಲಿ ಪಿಪಿಪಿಒಇ ಪಾಸ್‌ವರ್ಡ್, ರೇಡಿಯಸ್ ಸೀಕ್ರೆಟ್ ಎಲ್ಲ ಇರುತ್ತವೆ, ಕೆಲವು ಸಾಧನಗಳಲ್ಲಿ ತೆರೆದ ಅಕ್ಷರದಲ್ಲೇ. ಇಮೇಲ್‌ನಲ್ಲಿ ಕಳಿಸಬೇಡಿ, ಎಲ್ಲರೂ ನೋಡುವ ಫೋಲ್ಡರ್‌ನಲ್ಲಿ ಬಿಡಬೇಡಿ. ಪಾಸ್‌ವರ್ಡ್ ಹಾಕಿ ಮುಚ್ಚಿದ ರೂಪದಲ್ಲಿ ಗೇಟ್‌ವೇಯಿಂದ ಹೊರಗೆ ಒಂದು ಪ್ರತಿ ಇಡಿ, ಯಾವ ಫರ್ಮ್‌ವೇರ್ ಆವೃತ್ತಿಯಲ್ಲಿ ತೆಗೆದದ್ದು ಎಂದು ಫೈಲ್‌ನ ಹೆಸರಿನಲ್ಲೇ ಬರೆಯಿರಿ. ಬೇರೆ ಆವೃತ್ತಿಗೆ ಹಾಕಿದಾಗ ಪೋರ್ಟ್‌ಗಳ ಕ್ರಮಸಂಖ್ಯೆ ಬದಲಾಗಿ, ಲ್ಯಾನ್‌ನ ಸೆಟ್ಟಿಂಗ್ ವ್ಯಾನ್‌ಗೆ ಹೋಗಿ ಕೂತದ್ದನ್ನು ಕಂಡಿದ್ದೇನೆ.